ಹಾಲಕ್ಕಿ ಎಳೆದ ಗೆರೆ

ಹಾಲಕ್ಕಿ ಎರಡೂ ಕಣ್ಣನ್ನು ಒಟ್ಟಿಗೆ ಬಿಡುವುದಿಲ್ಲ. ಮೊದಲು ಒಂದು ರೆಪ್ಪೆ ಸ್ವಲ್ಪ ಜಾರುತ್ತದೆ. ಒಳಗಿನಿಂದ ನಿಂಬೆಸಿಪ್ಪೆಯ ಚೂರಿನಷ್ಟು ಹಳದಿ ಇಣುಕುತ್ತದೆ. ಅಪಾಯವೇನೂ ಇಲ್ಲ ಅನ್ನಿಸಿದರೆ ಆ ಹಳದಿ ಮತ್ತೆ ಮುಚ್ಚಿಕೊಳ್ಳುತ್ತದೆ. ಅನುಮಾನ ಬಂದರೆ ಮಾತ್ರ ಇನ್ನೊಂದು ಕಣ್ಣೂ ತೆರೆಯುತ್ತದೆ, ಬಿಳಿ ಹುಬ್ಬುಗಳೆರಡೂ ಮೇಲೇರುತ್ತವೆ, ಮುಷ್ಟಿಗಾತ್ರದ ಆ ಪುಟ್ಟ ಗೂಬೆ ಪೊಟರೆಯ ಬಾಯಲ್ಲಿ ನೆಟ್ಟಗೆ ನಿಂತು ನನ್ನನ್ನು ನೋಡುತ್ತದೆ.

ಲಾಲ್‌ಬಾಗಿನಲ್ಲಿ ಕೆರೆಯ ಕಡೆಗೆ ಇಳಿಯುವ ದಾರಿಯೊಂದರ ಪಕ್ಕದಲ್ಲಿ ಆ ಮರವಿದೆ. ಯಾವ ದಾರಿ, ಯಾವ ಮರ ಎಂದು ಬರೆಯುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ. ಯಾವುದೋ ಕಾಲದಲ್ಲಿ ಕೊಂಬೆ ಮುರಿದು ಬಿದ್ದ ಜಾಗದಲ್ಲಿ ಕಾಂಡ ಟೊಳ್ಳಾಗಿ, ಅಂಚು ಉಬ್ಬಿ, ಹಳೆಯ ಮನೆಯ ಗೂಡಿನ ಹಾಗೆ ಕಾಣುತ್ತದೆ. ಒಳಗೆ ಒಂದು ಜೋಡಿ ಇದೆ. ಹೆಣ್ಣು ಯಾವುದು ಗಂಡು ಯಾವುದು ಎಂದು ಇಷ್ಟು ವರ್ಷ ನೋಡಿದರೂ ಹೇಳಲಾರೆ. ಒಂದು ಯಾವಾಗಲೂ ಸ್ವಲ್ಪ ಮುಂದೆ ಕೂರುತ್ತದೆ, ಇನ್ನೊಂದು ಅದರ ಹೆಗಲಿಗೆ ಒರಗಿಕೊಂಡಿರುತ್ತದೆ.

ಜನವರಿಯ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ ಆರು ಮುಕ್ಕಾಲಿಗೆ. ಅಷ್ಟರೊಳಗೆ ವಾಕಿಂಗಿನವರ ಮೊದಲ ಸರದಿ ಅರ್ಧ ಮುಗಿದಿರುತ್ತದೆ. ಮಫ್ಲರ್ ಸುತ್ತಿಕೊಂಡ ಹಿರಿಯರು, ಸೀರೆಯ ಮೇಲೆ ಸ್ವೆಟರ್ ಹಾಕಿ ಕಾಲಿಗೆ ಸ್ಪೋರ್ಟ್ಸ್ ಶೂ ತೊಟ್ಟ ಗೆಳತಿಯರು, ಸೊಸೆ-ಸಕ್ಕರೆಕಾಯಿಲೆ-ಸೈಟು ಎಂದು ಮಾತಾಡುತ್ತಾ ಸಾಗುವ ಗುಂಪುಗಳು. ಎಲ್ಲೋ ಹುಲ್ಲುಹಾಸಿನ ಮೇಲೆ ನಗೆಕೂಟದವರು ಕೈಯೆತ್ತಿ ಹೋ ಎಂದು ನಗುತ್ತಿರುತ್ತಾರೆ. ಪಶ್ಚಿಮ ದ್ವಾರದ ಕಡೆಯಿಂದ ಮೆಟ್ರೊ ಹಾದುಹೋಗುವ ಸದ್ದು ಮರಗಳನ್ನು ದಾಟಿ ಮೆತ್ತಗಾಗಿ ಬರುತ್ತದೆ. ಇಷ್ಟೆಲ್ಲಾ ಗದ್ದಲ ಆ ಪೊಟರೆಯ ಕೆಳಗೇ, ಹತ್ತು ಅಡಿ ದೂರದಲ್ಲಿ ನಡೆಯುತ್ತಿದ್ದರೂ ಹಾಲಕ್ಕಿ ಕಣ್ಣು ಬಿಡುವುದಿಲ್ಲ.

ನಾನು ನಿಂತರೆ ಬಿಡುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ಚಳಿಗಾಲ ಬೇಕಾಯಿತು. ನಡೆಯುವ ಮನುಷ್ಯನ ಲೆಕ್ಕ ಊರಿನ ಹಕ್ಕಿಗೆ ಗೊತ್ತು. ಅವನು ಬಂದ ಹಾಗೇ ಹೋಗುತ್ತಾನೆ. ನಡೆಯುತ್ತಿದ್ದವನು ತಟ್ಟನೆ ನಿಂತು, ಮುಖವನ್ನು ತನ್ನ ಕಡೆಗೇ ತಿರುಗಿಸಿದರೆ ಆ ಲೆಕ್ಕ ತಪ್ಪುತ್ತದೆ. ಬೇಟೆಯ ಪ್ರಾಣಿ ಮಾಡುವುದೂ ಅದನ್ನೇ ಅಲ್ಲವೆ? ಅದರ ಮೇಲೆ ನನ್ನ ಮುಖದ ಮುಂದೆ ನಾಲ್ಕು ನೂರು ಮಿಲಿಮೀಟರಿನ ಲೆನ್ಸು ಬೇರೆ. ಅದರ ಗಾಜು ಕಪ್ಪಗೆ, ದುಂಡಗೆ, ದೊಡ್ಡ ಗೂಬೆಯ ಒಂಟಿ ಕಣ್ಣಿನ ಹಾಗೆ ಅದಕ್ಕೆ ಕಾಣುತ್ತದೋ ಏನೋ.

ಆಗ ಹಾಲಕ್ಕಿ ತಲೆ ಕುಣಿಸಲು ಶುರು ಮಾಡುತ್ತದೆ. ಮೇಲೆ, ಕೆಳಗೆ, ಒಂದಿಷ್ಟು ಎಡಕ್ಕೆ, ಮತ್ತೆ ಕೆಳಗೆ. ಮಕ್ಕಳು ನೋಡಿದರೆ ಡ್ಯಾನ್ಸ್ ಮಾಡ್ತಿದೆ ಎನ್ನುತ್ತಾರೆ. ಗೂಬೆಗಳ ಕಣ್ಣು ನಮ್ಮ ಕಣ್ಣಿನಂತೆ ಗುಳಿಯೊಳಗೆ ಹೊರಳುವುದಿಲ್ಲ. ಅದು ಕೊಳವೆಯಂತೆ ತಲೆಬುರುಡೆಯಲ್ಲಿ ನೆಟ್ಟುಕೊಂಡಿರುತ್ತದೆ. ಒಂದು ವಸ್ತು ಎಷ್ಟು ದೂರದಲ್ಲಿದೆ ಎಂದು ಅಳೆಯಬೇಕಾದರೆ ತಲೆಯನ್ನೇ ಸರಿಸಿ, ಬೇರೆ ಬೇರೆ ಕೋನದಿಂದ ನೋಡಬೇಕು. ಹಾಲಕ್ಕಿ ತಲೆ ಕುಣಿಸುತ್ತಿದ್ದರೆ ಅದು ನನ್ನನ್ನು ಅಳೆಯುತ್ತಿದೆ ಎಂದು ಅರ್ಥ. ನಾನು ಫೋಕಸ್ ರಿಂಗ್ ತಿರುಗಿಸುವುದಕ್ಕೂ ಅದು ತಲೆ ತಿರುಗಿಸುವುದಕ್ಕೂ ಉದ್ದೇಶ ಒಂದೇ.

ಒಂದೊಂದೇ ಹೆಜ್ಜೆ ಹಿಂದೆ ಸರಿದು ನೋಡಿದ್ದೇನೆ. ನನ್ನ ಅಳತೆಯ ಇಪ್ಪತ್ತೆರಡನೇ ಹೆಜ್ಜೆಗೆ ತಲೆ ನಿಲ್ಲುತ್ತದೆ. ಇಪ್ಪತ್ತೈದಕ್ಕೆ ಹುಬ್ಬು ಇಳಿಯುತ್ತದೆ. ಮೂವತ್ತರ ಆಚೆ ಕಲ್ಲುಬೆಂಚಿನ ಮೇಲೆ ಕೂತರೆ ಐದೇ ನಿಮಿಷದಲ್ಲಿ ಅದು ಮತ್ತೆ ನಿದ್ದೆಗೆ ಜಾರುತ್ತದೆ. ಆ ಗೆರೆಯನ್ನು ಎಳೆದದ್ದು ಹಾಲಕ್ಕಿ. ಅದನ್ನು ತಿಳಿದ ಮೇಲೆ ನನ್ನ ಚಿತ್ರಗಳೆಲ್ಲ ಆ ಗೆರೆಯ ಈಚೆಯವೇ. ಚೌಕಟ್ಟಿನಲ್ಲಿ ಹಕ್ಕಿ ಚಿಕ್ಕದಾಗಿ ಬರುತ್ತದೆ, ನಿಜ. ಪೊಟರೆ ಬರುತ್ತದೆ, ತೊಗಟೆಯ ಸುಕ್ಕು ಬರುತ್ತದೆ, ಕೆಳಗೆ ಹಾದುಹೋಗುವವರ ಮಂಕಿ ಕ್ಯಾಪಿನ ತುದಿಯೂ ಬರುತ್ತದೆ. ನನಗೆ ಅದೇ ಈಗ ಇಷ್ಟ. ಆ ಹಾಲಕ್ಕಿ ಇರುವುದು ಊರಿನಲ್ಲಿ, ಜನರ ನಡುವೆ. ಹಿನ್ನೆಲೆಯನ್ನು ಹಸಿರು ಮಂಜಿನಂತೆ ಅಳಿಸಿ ಅದನ್ನು ಯಾವುದೋ ಕಾಡಿನ ಹಕ್ಕಿಯಂತೆ ತೋರಿಸುವುದು ಯಾಕೆ?

ಏಳೂಕಾಲಿನ ಹೊತ್ತಿಗೆ ಬೆಳಕು ಕೆರೆಗೆ ಇಳಿಯುತ್ತದೆ. ಅದಕ್ಕೆ ಮೊದಲೇ ಕೆಂಪೇಗೌಡ ಗೋಪುರವಿರುವ ಬಂಡೆಯ ನೆತ್ತಿ ಬೆಳಗಿರುತ್ತದೆ. ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿರುವ ಆ ಬಂಡೆಯ ಮೇಲೆ ನಿಂತರೆ, ಚಳಿಗೆ ರೆಕ್ಕೆ ಸಡಿಲಿಸಿಕೊಳ್ಳುವ ಹದ್ದುಗಳು ಕಣ್ಣಿನ ಮಟ್ಟದಲ್ಲೇ ತೇಲುತ್ತವೆ. ಹಾರುವ ಹಕ್ಕಿಯ ಹೊಟ್ಟೆಯ ಬದಲು ಬೆನ್ನಿನ ಚಿತ್ರ ಬೇಕಿದ್ದವರಿಗೆ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಕೆರೆಯ ಅಂಚಿನಲ್ಲಿ ಬೆಳಕಿನ ಕಷ್ಟ ಬೇರೆ ಥರದ್ದು. ಮರದ ನೆರಳು ಬಿದ್ದು ನೀರು ಕಪ್ಪಾಗಿರುತ್ತದೆ. ಅದರ ಮುಂದೆ ಬೆಳ್ಳಕ್ಕಿಯೊಂದು ಬಿಸಿಲಿಗೆ ನಿಂತಿರುತ್ತದೆ. ಕ್ಯಾಮೆರಾ ಚೌಕಟ್ಟಿನ ತುಂಬ ಇರುವ ಕಪ್ಪನ್ನು ನಂಬಿ ಬೆಳಕನ್ನು ಧಾರಾಳವಾಗಿ ಒಳಬಿಡುತ್ತದೆ. ಹಕ್ಕಿ ಸುಣ್ಣ ಬಳಿದ ಗೋಡೆಯಂತೆ, ಒಂದು ಗರಿಯೂ ಕಾಣದಂತೆ ಬೆಳ್ಳಗೆ ಸುಟ್ಟುಹೋಗುತ್ತದೆ. ಒಂದು ಸ್ಟಾಪಿನಷ್ಟು ಬೆಳಕು ತಗ್ಗಿಸಿದರೆ ಎದೆಯ ಗರಿಗಳು ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತವೆ. ಪಕ್ಕದಲ್ಲೇ ಕೊರಡಿನ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಲು ಕೂತಿರುತ್ತದೆ. ಬಾತುಕೋಳಿಯ ಗರಿಯಂತೆ ಅದರ ಗರಿ ನೀರನ್ನು ಜಾರಿಸುವುದಿಲ್ಲ, ನೆನೆಯುತ್ತದೆ. ನೆನೆದು ಭಾರವಾಗುವುದರಿಂದಲೇ ಮೀನಿನ ಹಿಂದೆ ಮುಳುಗುವುದು ಅದಕ್ಕೆ ಸಲೀಸು. ಮುಳುಗಿದ್ದಕ್ಕೆ ಆಮೇಲೆ ಹೀಗೆ ಬಿಸಿಲು ಕಾಯಬೇಕು. ಬೆಳ್ಳಕ್ಕಿ, ನೀರುಕಾಗೆ ಎರಡನ್ನೂ ಒಂದೇ ಚಿತ್ರದಲ್ಲಿ ಸರಿಯಾಗಿ ಹಿಡಿಯಲು ಹೋಗಿ ಸೋತ ಬೆಳಗುಗಳು ಎಷ್ಟೋ.

ಮಿಂಚುಳ್ಳಿಯ ವಿಷಯದಲ್ಲಿ ಅಷ್ಟು ಸೋತಿಲ್ಲ. ಬಿಳಿ ಎದೆಯ, ಕಂದು ತಲೆಯ, ದೊಡ್ಡ ಕೆಂಪು ಕೊಕ್ಕಿನ ಮಿಂಚುಳ್ಳಿಗೆ ಅಭ್ಯಾಸಬಲ ಹೆಚ್ಚು. ಕೂತ ಕೊಂಬೆಗೇ ಮತ್ತೆ ಬಂದು ಕೂರುತ್ತದೆ. ಅದು ಹಾರಿದಾಗ ಅದರ ಹಿಂದೆ ಲೆನ್ಸು ಓಡಿಸುವುದು ಹೊಸಬರ ಚಾಳಿ. ಅದು ಹೋದ ಮೇಲೆ ಖಾಲಿ ಕೊಂಬೆಗೆ ಫೋಕಸ್ ಮಾಡಿ, ಶಟರ್ ವೇಗವನ್ನು ಎರಡು ಸಾವಿರದಲ್ಲೊಂದು ಸೆಕೆಂಡಿಗೆ ಏರಿಸಿ ಸುಮ್ಮನೆ ಕೂತಿರಬೇಕು. ಮೀನೋ ಮಿಡತೆಯೋ ಓತಿಕ್ಯಾತವೋ ಸಿಕ್ಕಿದ್ದನ್ನು ಕಚ್ಚಿಕೊಂಡು ವಾಪಸು ಬರುತ್ತದೆ, ಕೊಂಬೆಗೆ ಬಡಿದು ಬಡಿದು ಮೆತ್ತಗೆ ಮಾಡುತ್ತದೆ. ಆಗ ಬೆನ್ನು ನಮ್ಮ ಕಡೆಗಿದ್ದರೆ ಆ ನೀಲಿ! ಅದರ ಗರಿಯಲ್ಲಿ ನೀಲಿ ಬಣ್ಣವೆಂಬ ವಸ್ತುವೇ ಇಲ್ಲ. ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ರೀತಿಗೆ ನಮ್ಮ ಕಣ್ಣಿಗೆ ಹಾಗೆ ಕಾಣುತ್ತದೆ. ಆದ್ದರಿಂದಲೇ ಬಿಸಿಲಿನಲ್ಲಿ ತೆಗೆದ ಮಿಂಚುಳ್ಳಿಗೂ ಮೋಡದ ದಿನ ತೆಗೆದ ಮಿಂಚುಳ್ಳಿಗೂ ಹೋಲಿಕೆಯೇ ಇರುವುದಿಲ್ಲ. ಈ ಕೆರೆಯ ಒಂದೇ ಕೊಂಬೆಯ ಮೇಲೆ ನಾನು ಏಳೆಂಟು ನೀಲಿ ಕಂಡಿದ್ದೇನೆ.

ಕೂತು ಕಾಯುವ ಈ ವಿದ್ಯೆ ನಮ್ಮ ಊರಿನಲ್ಲಿ ಹಳೆಯದು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಇಬ್ಬರೂ ಬೆಂಗಳೂರಿನವರು. ಸಂಡೂರಿನಲ್ಲಿ ಎಂ.ವೈ. ಘೋರ್ಪಡೆ ಇದ್ದರು, ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ. ಇವರ ಚಿತ್ರಗಳನ್ನು ನೋಡುವಾಗ ಫಿಲ್ಮ್ ಸುರುಳಿಯನ್ನು ಮರೆಯಬಾರದು. ಒಂದು ಸುರುಳಿಗೆ ಮೂವತ್ತಾರು ಚಿತ್ರ, ಅಷ್ಟೆ. ತೆಗೆದದ್ದು ಹೇಗೆ ಬಂದಿದೆ ಎಂದು ಗೊತ್ತಾಗುವುದು ತೊಳೆದ ಮೇಲೆ, ಎಷ್ಟೋ ದಿನಗಳಾದ ಮೇಲೆ. ಗುಂಡಿ ಒತ್ತುವ ಮೊದಲು ಹಕ್ಕಿಯ ಮುಂದಿನ ನಡೆ ಏನೆಂದು ತಲೆಯಲ್ಲೇ ಓದಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಈಗಿನ ಕ್ಯಾಮೆರಾ ಒಂದು ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುತ್ತದೆ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿದುಕೊಳ್ಳುತ್ತದೆ. ನನ್ನ ಹತ್ತಿರ ಇರುವುದೂ ಅಂಥದ್ದೇ, ಅದರ ಬಗ್ಗೆ ದೂರಿಲ್ಲ. ಸದ್ದಿಲ್ಲದೆ ಕೆಲಸ ಮಾಡುವ ಅದರ ಶಟರು ಹಕ್ಕಿಗೂ ಒಳ್ಳೆಯದೇ. ಆದರೆ ಹಳೆಯ ಕ್ಯಾಮೆರಾದ ಸದ್ದಿಗೆ ಹಕ್ಕಿ ಬೆಚ್ಚಿದಾಗ ತೆಗೆದವನೂ ಬೆಚ್ಚಿಬೀಳುತ್ತಿದ್ದ. ಈಗ ಆ ಎಚ್ಚರಿಕೆ ತಪ್ಪಿದೆ. ಇನ್ನೊಂದು ಹೆಜ್ಜೆ ಮುಂದಿಡು ಎಂದು ಕಾಲಿಗೆ ಹೇಳುವುದು ಸುಲಭವಾಗಿದೆ.

ನಾನೂ ಇಟ್ಟಿದ್ದೇನೆ. ಅಕ್ಟೋಬರಿನ ಒಂದು ಬೆಳಿಗ್ಗೆ, ಬಿದಿರುಮೆಳೆಯ ಹಿಂದೆ ಗುಡಿಸದೆ ಬಿಟ್ಟ ತರಗೆಲೆಯ ರಾಶಿಯಲ್ಲಿ ನವರಂಗ ಕಂಡಿತ್ತು. ಹಸಿರು ಬೆನ್ನು, ಹುಬ್ಬಿನ ಕೆಳಗೆ ಕಾಡಿಗೆಯಂಥ ಪಟ್ಟಿ, ರೆಕ್ಕೆಯಲ್ಲಿ ತಿಳಿನೀಲಿ, ಮೋಟು ಬಾಲದ ಬುಡದಲ್ಲಿ ಕುಂಕುಮ. ಹೆಸರಿಗೆ ತಕ್ಕ ಹಕ್ಕಿ. ಹಿಮಾಲಯದ ತಪ್ಪಲಿನಲ್ಲೋ ಮಧ್ಯಭಾರತದ ಕಾಡಿನಲ್ಲೋ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ, ಶ್ರೀಲಂಕಾದವರೆಗೂ ಇಳಿಯುವ ಹಕ್ಕಿ. ಪಯಣ ರಾತ್ರಿಯದು. ಬೆಳಗಾದಾಗ ಕೆಳಗೆ ಕಂಡ ಹಸಿರಿಗೆ ಇಳಿದು, ಎಲೆ ಸರಿಸಿ ಹುಳ ತಿಂದು, ಸುಸ್ತು ಕಳೆದುಕೊಂಡು ಮತ್ತೆ ಹೊರಡುತ್ತದೆ. ಬೆಂಗಳೂರಿನಂಥ ಊರಿನ ಮೇಲೆ ಹಾರುವ ನವರಂಗಕ್ಕೆ ಅಂಥ ಹಸಿರು ಎಷ್ಟು ಕಡೆ ಸಿಕ್ಕೀತು?

ಅದೊಂದನ್ನೂ ನಾನು ಆಗ ಯೋಚಿಸಲಿಲ್ಲ. ಅದು ನೆರಳಿನಲ್ಲಿತ್ತು, ನನಗೆ ಬಿಸಿಲಿನಲ್ಲಿ ಬೇಕಿತ್ತು. ಬಗ್ಗಿ ಹತ್ತಿರ ಹೋದೆ. ಅದು ಕುಪ್ಪಳಿಸಿ ಮೆಳೆಯ ಆಚೆ ಹೋಯಿತು. ಸುತ್ತಿಕೊಂಡು ಹೋದೆ. ಗಿಡ್ಡ ಹಾರಾಟ ಹಾರಿ ಕಲ್ಲಿನ ಪಕ್ಕ ಇಳಿಯಿತು. ಹೀಗೆ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಅದು ಒಂದೇ ಒಂದು ಎಲೆಯನ್ನೂ ಮಗುಚಲಿಲ್ಲ, ಒಂದು ಹುಳವನ್ನೂ ತಿನ್ನಲಿಲ್ಲ ಎಂಬುದು ಗಮನಕ್ಕೆ ಬಂದದ್ದು ರಾತ್ರಿ, ಚಿತ್ರಗಳನ್ನು ಒಂದೊಂದಾಗಿ ನೋಡುವಾಗ. ನೂರಾ ಎಂಬತ್ತು ಚಿತ್ರ. ಪ್ರತಿಯೊಂದರಲ್ಲೂ ಅದರ ಕುತ್ತಿಗೆ ನೆಟ್ಟಗೆ, ಕಣ್ಣು ನನ್ನ ಮೇಲೆ. ಬಿಸಿಲು ಬಿದ್ದ ಚಿತ್ರವೂ ಒಂದಿತ್ತು, ಚೆನ್ನಾಗಿಯೇ ಬಂದಿತ್ತು. ಅದನ್ನು ಯಾರಿಗೂ ತೋರಿಸಿಲ್ಲ, ಅಳಿಸಿಯೂ ಇಲ್ಲ. ಮರುದಿನ ಹೋದಾಗ ನವರಂಗ ಇರಲಿಲ್ಲ. ಹಸಿದೇ ಹೊರಟಿತೇ, ಬೇರೆಲ್ಲಾದರೂ ತಿಂದುಕೊಂಡಿತೇ ಎಂದು ಇವತ್ತಿಗೂ ಮನಸ್ಸು ಕೇಳುತ್ತಿರುತ್ತದೆ.

ಹಾಲಕ್ಕಿಯ ಮರದ ಗುಟ್ಟನ್ನು ನಾನು ಬಚ್ಚಿಡುವುದಕ್ಕೆ ಕಾರಣವಿದೆ. ಹಿಂದಿನ ಫೆಬ್ರವರಿಯಲ್ಲಿ ಆ ಮರದ ಕೆಳಗೆ ಒಂಬತ್ತು ಟ್ರೈಪಾಡುಗಳನ್ನು ಎಣಿಸಿದ್ದೆ. ಯಾರೋ ಜಾಗದ ಗುರುತನ್ನು ಮೊಬೈಲಿನಲ್ಲಿ ಹಂಚಿದ್ದರು. ಪೊಟರೆಯಲ್ಲಿ ಮರಿ ಇರಬಹುದಾದ ಕಾಲ ಅದು. ಹಗಲಿಡೀ ನಿದ್ದೆ ಮಾಡಬೇಕಾದ ಹಕ್ಕಿ ಹುಬ್ಬು ಏರಿಸಿಕೊಂಡೇ ಕೂತಿತ್ತು, ತಲೆ ಕುಣಿಸಿ ಕುಣಿಸಿ ಸೋತು ಒಳಗೆ ಹೋಯಿತು. ಆಗ ಒಬ್ಬರು ಮೊಬೈಲ್ ತೆಗೆದು ಹಾಲಕ್ಕಿಯ ಕೂಗನ್ನು ಹಾಕಿದರು. ಚಿರ್ರ್‌ ಚಿರ್ರ್‌ ಎಂಬ ಆ ಜಗಳಗಂಟ ದನಿ ಮರದ ಬುಡದಿಂದ ಹೊರಟ ಕೂಡಲೆ ಹಕ್ಕಿ ದುಡುದುಡು ಹೊರಬಂತು. ತನ್ನ ಮನೆಗೆ ಇನ್ನೊಂದು ಹಾಲಕ್ಕಿ ನುಗ್ಗಿದೆ ಎಂದೇ ಅದು ನಂಬಿತ್ತು. ಒಂಬತ್ತು ಶಟರುಗಳು ಒಟ್ಟಿಗೆ ಸಿಡಿದವು. ಇಲ್ಲದ ಶತ್ರುವನ್ನು ಹುಡುಕುತ್ತಾ ನಡು ಹಗಲಲ್ಲಿ ಅದು ಬಟಾಬಯಲಿನ ಕೊಂಬೆಗೆ ಬಂದು ಕೂತದ್ದನ್ನು ಕಾಗೆಗಳು ನೋಡಿದವು. ಮುಂದಿನ ಹತ್ತು ನಿಮಿಷ ಕಾಗೆಗಳದ್ದೇ ಕಾರುಬಾರು.

ಮೊಬೈಲ್ ಹಿಡಿದವರಿಗೆ ದಯವಿಟ್ಟು ನಿಲ್ಲಿಸಿ ಎಂದೆ. ನಿಲ್ಲಿಸಿದರು, ನಿಜ. ಹೇಳಬೇಕಾದದ್ದನ್ನು ಕಾಗೆ ಬರುವ ಮೊದಲೇ ಹೇಳದೆ, ನಾನೂ ಕ್ಯಾಮೆರಾ ಕಣ್ಣಿಗೆ ಏರಿಸಿ ನಿಂತಿದ್ದೆನಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ. ಹಲವು ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಈಗ ತೆಗೆದುಕೊಳ್ಳುವುದಿಲ್ಲ. ಬಹಳ ಒಳ್ಳೆಯ ಕೆಲಸ. ಆದರೆ ಸ್ಪರ್ಧೆಗೆ ಕಳಿಸದೆ ಮೊಬೈಲಿನಲ್ಲೇ ಮೆಚ್ಚುಗೆ ಗಳಿಸುವ ಚಿತ್ರಕ್ಕೆ ಆ ಕಾವಲಿಲ್ಲ. ಅಲ್ಲಿ ತೆಗೆದವರ ಮನಸ್ಸೇ ಕಾಯಬೇಕು.

ಈ ಹಕ್ಕಿಗಳನ್ನು ಕಾಡುಹಕ್ಕಿ ಎನ್ನಬಹುದೆ ಎಂದು ಗೆಳೆಯರೊಬ್ಬರು ಕೇಳಿದ್ದರು. ತೋಟದ ಮರಗಳನ್ನು ನೋಡಿ ಕೇಳಿದ ಮಾತು. 1760ರಲ್ಲಿ ಹೈದರಾಲಿ ಶುರು ಮಾಡಿ, ಟಿಪ್ಪು ಬೆಳೆಸಿ, ಮುಂದೆ ಕ್ಯಾಮೆರಾನ್, ಕ್ರುಂಬಿಗಲ್ ಮುಂತಾದವರು ಲೋಕದ ಮೂಲೆಮೂಲೆಯಿಂದ ಗಿಡ ತರಿಸಿ ನೆಟ್ಟ ತೋಟ ಇದು. ಈಗ 240 ಎಕರೆ. ಇಲ್ಲಿನ ಅದೆಷ್ಟೋ ಮರಗಳು ನಮ್ಮ ನೆಲದವಲ್ಲ. ಆದರೆ ಹಕ್ಕಿಗಳನ್ನು ಯಾರೂ ತಂದು ಬಿಡಲಿಲ್ಲ, ಯಾರೂ ಸಾಕುತ್ತಿಲ್ಲ. ಆಫ್ರಿಕಾದಿಂದ ಬಂದ ನೀರುಕಾಯಿ ಮರದ ಕೇಸರಿ ಬಟ್ಟಲಿಗೆ ನಮ್ಮ ಸೂರಕ್ಕಿ ತಲೆ ಹಾಕುತ್ತದೆ. ಹೂವಿನ ಕೊಳವೆ ತೀರಾ ಉದ್ದವಾಗಿದ್ದರೆ ಬುಡದಲ್ಲಿ ತೂತು ಕೊರೆದು ಮಕರಂದ ಕದಿಯುತ್ತದೆ. ಗಾಜಿನಮನೆಯ ಮುಂದೆ ಜನವರಿ, ಆಗಸ್ಟ್ ತಿಂಗಳುಗಳ ಫಲಪುಷ್ಪ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಜನ ಸೇರಿದಾಗ ಹಕ್ಕಿಗಳು ತೋಟದ ಅಂಚುಗಳಿಗೆ ಸರಿಯುತ್ತವೆ. ಜಾತ್ರೆ ಮುಗಿದ ಮೇಲೆ ತಾವಾಗಿಯೇ ವಾಪಸಾಗುತ್ತವೆ. ಇದಕ್ಕಿಂತ ಸ್ವತಂತ್ರ ಜೀವ ಈ ಊರಿನಲ್ಲಿ ಯಾವುದಿದೆ?

ಅವಕ್ಕೆ ನಮ್ಮಿಂದ ಬೇಕಾದದ್ದು ಒಂದು ಒಣಕೊಂಬೆ. ಕುಟ್ರುಹಕ್ಕಿಗೆ ಹಸಿಮರ ಕೊರೆಯುವಷ್ಟು ಗಟ್ಟಿ ಕೊಕ್ಕಿಲ್ಲ. ಸತ್ತು ಮೆತ್ತಗಾದ ಕೊಂಬೆಯೇ ಆಗಬೇಕು. ಹೋದ ವರ್ಷ ಅಂಥದ್ದೊಂದು ಕೊಂಬೆಯಲ್ಲಿ ಅದು ಗೂಡು ಕೊರೆಯುವುದನ್ನು ದೂರದಿಂದ ಹಲವು ಬೆಳಗು ನೋಡಿದೆ. ತಲೆ ಒಳಗೆ, ಹಸಿರು ಬೆನ್ನು ಹೊರಗೆ. ಆಗಾಗ ಹಿಂದಕ್ಕೆ ಬಂದು ಬಾಯಿ ತುಂಬ ಮರದ ಪುಡಿ ಉಗುಳಿ ಮತ್ತೆ ಒಳಗೆ. ಆ ಪುಡಿ ಬಿಸಿಲಿನ ಕೋಲಿನಲ್ಲಿ ಹೊನ್ನಿನಂತೆ ಉದುರುತ್ತಿದ್ದ ಚಿತ್ರ ನನ್ನ ಗೋಡೆಯ ಮೇಲಿದೆ. ಒಣಕೊಂಬೆ ದಾರಿಹೋಕರ ತಲೆಯ ಮೇಲೆ ಬಿದ್ದರೆ ಎಂಬ ಭಯ ತೋಟದ ಮಾಲಿಗಳಿಗೆ ಇರುವುದು ಸಹಜ. ಆ ಕೊಂಬೆ ದಾರಿಯಿಂದ ದೂರವಿತ್ತು. ಗೂಡು ತೋರಿಸಿದಾಗ ಹಿರಿಯ ಮಾಲಿಯೊಬ್ಬರು ತಲೆಯೆತ್ತಿ ತುಂಬಾ ಹೊತ್ತು ನೋಡಿ, ಇರಲಿ ಬಿಡಿ, ಮರಿ ಹಾರೋವರೆಗೂ ಮುಟ್ಟಲ್ಲ ಎಂದರು. ಮುಟ್ಟಲಿಲ್ಲ.

ತಿಂಗಳ ಎರಡನೇ ಭಾನುವಾರ ಗಾಜಿನಮನೆಯ ಹತ್ತಿರ ಬೈನಾಕ್ಯುಲರ್ ನೇತುಹಾಕಿಕೊಂಡ ಹಕ್ಕಿವೀಕ್ಷಕರು ಸೇರುತ್ತಾರೆ. ಬಹುಕಾಲದ ಪದ್ಧತಿ. ಅವರಲ್ಲಿ ಕೆಲವರ ಹತ್ತಿರ ಕ್ಯಾಮೆರಾವೇ ಇರುವುದಿಲ್ಲ. ಪುಟ್ಟ ನೋಟ್‌ಬುಕ್ಕಿನಲ್ಲಿ ಹೆಸರು, ಸಂಖ್ಯೆ, ಹೊತ್ತು ಬರೆದುಕೊಳ್ಳುತ್ತಾರೆ. ಬೂದು ಸಿಪಿಲೆ ಈ ಸಲ ಯಾವ ವಾರ ಬಂತು, ಬಾಲದಂಡೆ ಎಲ್ಲಿ ಕಂಡಿತು ಎಂದು ಅವರನ್ನು ಕೇಳಬೇಕು. ನನ್ನ ಸಾವಿರಾರು ಚಿತ್ರಗಳಿಗಿಂತ ಆ ಒಂದು ಸಾಲಿನ ಟಿಪ್ಪಣಿಗೆ ತೂಕ ಹೆಚ್ಚು ಎಂದು ಅನ್ನಿಸಿದ್ದಿದೆ. ಈಗ ನಾನೂ ಚಿತ್ರದ ಜೊತೆ ದಿನಾಂಕ, ಮರ, ಹಕ್ಕಿ ಏನು ಮಾಡುತ್ತಿತ್ತು ಎಂದು ಬರೆದಿಡುತ್ತೇನೆ.

ಒಂಬತ್ತು ಗಂಟೆಗೆ ಬೆಳಕು ಗಡುಸಾಗುತ್ತದೆ, ಹಕ್ಕಿಯ ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದು ಕಣ್ಣು ಹೊಂಡವಾಗುತ್ತದೆ. ಆಗ ಚೀಲ ಕಟ್ಟುವುದು ವಾಡಿಕೆ. ಇತ್ತೀಚೆಗೆ ಸಂಜೆ ಮತ್ತೊಮ್ಮೆ ಹೋಗುತ್ತೇನೆ, ಚಿತ್ರ ಬರುವುದಿಲ್ಲ ಎಂದು ಗೊತ್ತಿದ್ದೇ. ಆರೂಕಾಲರ ಬೆಳಕಿಗೆ ನನ್ನ ಲೆನ್ಸು ಕೇಳುವ ಶಟರ್ ವೇಗ ಹದಿನೈದರಲ್ಲೊಂದು ಸೆಕೆಂಡು. ಕೈ ಎಷ್ಟು ಗಟ್ಟಿ ಹಿಡಿದರೂ ಹಕ್ಕಿ ಹೊಗೆಯಾಗುತ್ತದೆ. ಕಲ್ಲುಬೆಂಚಿನ ಮೇಲೆ ಕ್ಯಾಮೆರಾ ಮಲಗಿಸಿ ಕೂರುತ್ತೇನೆ. ಗಿಳಿಗಳ ಕೊನೆಯ ಹಿಂಡು ಕಿರುಚುತ್ತಾ ಹಾದುಹೋಗುತ್ತದೆ. ಪೊಟರೆಯ ಬಾಯಿಗೆ ಒಂದು ತಲೆ ಬರುತ್ತದೆ, ಅದರ ಪಕ್ಕ ಇನ್ನೊಂದು. ರೆಕ್ಕೆ ಒಂದನ್ನು ಕಾಲಿನ ಜೊತೆ ಚಾಚಿ ಮೈ ಮುರಿಯುತ್ತವೆ, ಒಂದರ ಕೆನ್ನೆಯ ಗರಿಯನ್ನು ಇನ್ನೊಂದು ಕೊಕ್ಕಿನಿಂದ ನೇವರಿಸುತ್ತದೆ. ಮುಂದಿನದು ಹಾರಿತು ಎನ್ನುವುದರೊಳಗೆ ದಾರಿಯ ದೀಪದ ಕಂಬದ ಮೇಲಿರುತ್ತದೆ.

ಮೊನ್ನೆ ಕಾವಲುಗಾರರ ಸೀಟಿ ದೂರದಲ್ಲಿ ಶುರುವಾಗಿತ್ತು. ದೀಪ ಆಗಷ್ಟೇ ಹತ್ತಿಕೊಂಡು, ಅದರ ಸುತ್ತ ಹುಳಗಳು ಕೂಡುತ್ತಿದ್ದವು. ಬೆಂಚಿನಿಂದ ಎದ್ದು ಗೇಟಿನ ಕಡೆ ನಡೆದೆ. ಕಂಬದ ಕೆಳಗೇ ಹಾದುಹೋಗಬೇಕಿತ್ತು. ಹೆಜ್ಜೆ ತಡೆಯಲಿಲ್ಲ, ತಲೆ ಎತ್ತಲಿಲ್ಲ. ನನ್ನ ಮುಂದೆ ಎರಡು ಮಾರು ದೂರದಲ್ಲಿ ಹಾಲಕ್ಕಿ ಧೊಪ್ಪನೆ ನೆಲಕ್ಕಿಳಿದು, ಒಂದು ಮಿಡತೆಯನ್ನು ಕಾಲಲ್ಲಿ ಹಿಡಿದು, ಅಲ್ಲೇ ನಿಂತು ತಿನ್ನತೊಡಗಿತು.